ಆ 40 ರೂಪಾಯಿ ಯಾರು ಕೊಡ್ತಾರೆ? ಹೊರಗಿಟ್ಟವರಿಗೆ ಕೆಲಸ ಕೊಡುವ ಉದ್ಯಮಗಳ ಒಳಲೆಕ್ಕ

'ಸಾಮಾಜಿಕ ಉದ್ಯಮ' ಅನ್ನೋ ಮಾತು ಈಗ ಸ್ಟಾರ್ಟಪ್ ಮೇಳದಿಂದ ಹಿಡಿದು ಸಿಎಸ್‌ಆರ್ ವರದಿವರೆಗೆ ಎಲ್ಲ ಕಡೆ ಕೇಳಿಸ್ತಿದೆ. ಮಾತು ಬಾರದ ಹುಡುಗನೊಬ್ಬ ನಗ್ತಾ ಕಾಫಿ ತಂದಿಡುವ ರೀಲ್ ನೋಡಿ ನಮ್ಮ ಕಣ್ಣು ಒದ್ದೆಯಾಗುತ್ತೆ, ನಾಲ್ಕು ಜನರಿಗೆ ಕಳಿಸ್ತೀವಿ. ಕಳಿಸೋದರಲ್ಲಿ ತಪ್ಪೇನಿಲ್ಲ. ಆದರೆ ರಾಜಕೀಯವಾಗಿ ಯೋಚನೆ ಮಾಡ್ತೀವಿ ಅನ್ನೋರು ಆ ಹುಡುಗನ ನಗು ನೋಡಿದ ಮೇಲೆ ಅಂಗಡಿಯ ಲೆಕ್ಕದ ಪುಸ್ತಕವನ್ನೂ ನೋಡಬೇಕು ಅನ್ನೋದು ನನ್ನ ವಾದ. ಯಾಕಂದ್ರೆ ಇಂಥ ಉದ್ಯಮಗಳ ರಾಜಕೀಯ ಇರೋದು ಅವುಗಳ ಘೋಷಣೆಯಲ್ಲಲ್ಲ, ಬಿಸಿನೆಸ್ ಮಾಡೆಲ್‌ನಲ್ಲಿ.

ಮೊದಲು ಪದ ಸ್ಪಷ್ಟ ಮಾಡ್ಕೊಳ್ಳೋಣ. ದಾನದ ಸಂಸ್ಥೆ ಹಣ ಎತ್ತಿ ಹಂಚುತ್ತೆ. ಮಾಮೂಲಿ ಕಂಪನಿ ಸರಕು ಮಾರಿ ಲಾಭವನ್ನು ಮಾಲೀಕರಿಗೆ ಕೊಡುತ್ತೆ. ಸಾಮಾಜಿಕ ಉದ್ಯಮ ಸರಕನ್ನೋ ಸೇವೆಯನ್ನೋ ಮಾರುತ್ತೆ, ಆದರೆ ಮಾರೋ ಉದ್ದೇಶ ಬೇರೆ. ಅದರಲ್ಲೂ ನಾನು ಇಲ್ಲಿ ಮಾತಾಡ್ತಿರೋದು ಒಂದೇ ಬಗೆಯ ಬಗ್ಗೆ: ಜಾತಿ, ಅಂಗವೈಕಲ್ಯ, ಬುಡಕಟ್ಟು, ಜೈಲುವಾಸ, ಮಾನಸಿಕ ಕಾಯಿಲೆ, ಲಿಂಗತ್ವ, ಹೀಗೆ ಯಾವುದೋ ಕಾರಣಕ್ಕೆ ಕೆಲಸದ ಮಾರುಕಟ್ಟೆ ಹೊರಗಿಟ್ಟವರನ್ನು ಕರೆದು ಕೆಲಸ ಕೊಡೋ ಉದ್ಯಮಗಳು.

ಒಂದು ಲೆಕ್ಕ ಹಾಕೋಣ. ಅಂಕಿ ನನ್ನದೇ, ಅರ್ಥ ಆಗೋಕೆ ಅಷ್ಟೆ. ಒಬ್ಬ ಹೊಸ ಕೆಲಸಗಾರಳಿಗೆ ನ್ಯಾಯವಾಗಿ ಕೊಡಬೇಕಾದ ಕೂಲಿ 100 ರೂಪಾಯಿ. ಕಲಿಯುವ ಕಾಲ, ಸಂಜ್ಞಾಭಾಷೆ ಬಲ್ಲವರ ನೆರವು, ಊರಿಂದ ಕರ್ಕೊಂಡು ಬರೋ ವಾಹನ, ನಿಧಾನವಾದ ಕೈಕೆಲಸ, ಇವೆಲ್ಲ ಸೇರಿ ಅವಳ ಕೆಲಸದಿಂದ ಮಾರುಕಟ್ಟೆಯಲ್ಲಿ ಹುಟ್ಟೋದು 60 ರೂಪಾಯಿ. ಉಳಿದ 40 ರೂಪಾಯಿ ಎಲ್ಲಿಂದ ಬರಬೇಕು? ಕೊಡೋಕೆ ಇರೋರು ನಾಲ್ಕೇ ಜನ. ಹೆಚ್ಚು ಬೆಲೆ ಕೊಡೋ ಗ್ರಾಹಕ. ಕೆಲಸ ವಹಿಸೋ ಕಂಪನಿ. ಸರ್ಕಾರ ಅಥವಾ ದಾನಿ. ನಾಲ್ಕನೆಯವಳು ಆ ಕೆಲಸಗಾರಳೇ: ಕಮ್ಮಿ ಕೂಲಿ ತಗೊಂಡು ಆ 40 ರೂಪಾಯಿಯನ್ನು ತಾನೇ ತುಂಬ್ತಾಳೆ. ಈ ನಾಲ್ಕನೆಯವಳನ್ನು ಮಾತ್ರ ಯಾರೂ ದಾನಿಗಳ ಪಟ್ಟಿಯಲ್ಲಿ ಹಾಕೋದಿಲ್ಲ.

ಯಾರು ಆ 40 ರೂಪಾಯಿ ಕೊಡ್ತಾರೋ ಅವರು ಕೈ ಹಿಂದೆ ತಗೊಂಡ ದಿನ ಉದ್ಯಮ ಅಲ್ಲಾಡುತ್ತೆ. ಕರ್ನಾಟಕದಲ್ಲೇ ಇದಕ್ಕೆ ಉದಾಹರಣೆಗಳಿವೆ.

ಹೆಗ್ಗೋಡಿನ ಬಟ್ಟೆ

ನಾನಿರೋದು ಸಿದ್ದಾಪುರ ತಾಲೂಕಿನ ಹೇರೂರಿನಲ್ಲಿ. ತಾಲೂಕಿನ ಗಡಿ ದಾಟಿದ್ರೆ ಶಿವಮೊಗ್ಗ ಜಿಲ್ಲೆಯ ಸಾಗರ. ಅಲ್ಲಿ ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಇದೆ. ಈ ವಿಷಯ ಓದೋಕೆ ಅದಕ್ಕಿಂತ ಒಳ್ಳೇ ಪಠ್ಯಪುಸ್ತಕ ನನಗೆ ಕಂಡಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ.

ರಂಗಕರ್ಮಿ ಪ್ರಸನ್ನ 1990ರ ದಶಕದ ಮಧ್ಯದಲ್ಲಿ ಶುರು ಮಾಡಿದ ಈ ಪ್ರಯತ್ನ 1996ರಲ್ಲಿ ಮಹಿಳೆಯರ ಸಹಕಾರ ಸಂಘವಾಗಿ ನೋಂದಣಿ ಆಯ್ತು. ಸೇರಿದವರು ಸುತ್ತಲ ಹಳ್ಳಿಗಳ ಬಡ ಹೆಣ್ಣುಮಕ್ಕಳು. ಅವರಲ್ಲಿ ಬಹಳಷ್ಟು ಜನರ ಮನೆಯಲ್ಲಿ ಮೊದಲು ಮಗ್ಗ ನೋಡಿದವರೇ ಇರಲಿಲ್ಲ. ಮಲೆನಾಡು ನೇಯ್ಗೆಯ ಸೀಮೆ ಅಲ್ಲವೇ ಅಲ್ಲ. ನೂಲು ತರಿಸಿ, ನೈಸರ್ಗಿಕ ಬಣ್ಣ ಹಾಕಿ, ನೇಯ್ದು, ಅಚ್ಚು ಒತ್ತಿ, ಹೊಲಿದು ಜುಬ್ಬ, ಅಂಗಿ, ಸೀರೆ ಮಾಡೋದು ಅಲ್ಲಿನ ಕೆಲಸ. ಅವರ ಕೆಂಚು ಬಣ್ಣ ಬರೋದು ಅಡಿಕೆ ಚೊಗರಿನಿಂದ. ನಮ್ಮ ಕಡೆಯವರಿಗೆ ಚೊಗರು ಅಂದ್ರೆ ಗೊತ್ತಿದೆ: ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯೋ ಕೆಂಪು ರಸ, ಕೈಗೆ ಹತ್ತಿದ್ರೆ ವಾರವಾದ್ರೂ ಹೋಗದ ಬಣ್ಣ. ಬೆಳೆಗಾರನ ಹಂಡೆಯ ತಳದಲ್ಲಿ ಉಳಿದಿದ್ದನ್ನು ಕಚ್ಚಾವಸ್ತು ಮಾಡ್ಕೊಂಡಿದ್ದು ನಿಜವಾದ ಜಾಣತನ.

ಸಂಘದ ರಚನೆ ಹೀಗಿದೆ. ಮಾಡೋದು ಚರಕ, ಮಾರೋದು ದೇಸಿ. ದೇಸಿ ಬೇರೆಯೇ ಒಂದು ಟ್ರಸ್ಟ್. ಬೆಂಗಳೂರು ಮತ್ತಿತರ ಊರುಗಳಲ್ಲಿ ಅಂಗಡಿ ನಡೆಸುತ್ತೆ. ಹಳ್ಳಿಯ ಹೆಣ್ಣುಮಕ್ಕಳು ನಗರದ ಬಾಡಿಗೆ, ಜಾಹೀರಾತು, ಬಿಲ್ಲಿಂಗ್ ತಲೆನೋವು ಹೊತ್ಕೊಳ್ಳೋದು ಬೇಡ ಅಂತ ಮಾಡಿದ ವ್ಯವಸ್ಥೆ. ಒಳ್ಳೇ ವಿಚಾರವೇ. ಇಲ್ಲಿ ಆ 40 ರೂಪಾಯಿ ಕೊಡ್ತಿರೋರು ನಗರದ ಮಧ್ಯಮ ವರ್ಗದ ಗ್ರಾಹಕರು. ಕೈಮಗ್ಗದ ಅಂಗಿ ಯಂತ್ರದ ಅಂಗಿಗಿಂತ ನಿಧಾನವಾಗಿ ಹುಟ್ಟುತ್ತೆ, ಆ ನಿಧಾನಕ್ಕೆ ಬೆಲೆ ಕೊಡೋಕೆ ಒಪ್ಪಿದ ಗ್ರಾಹಕರು. ಅಧ್ಯಾಪಕರು, ರಂಗಾಸಕ್ತರು, ಚಳವಳಿಗಾರರು, ಪರಿಸರದ ಕಾಳಜಿ ಇರೋ ಐಟಿಯವರು. ಇವರಿಗೆ ಜುಬ್ಬ ಬರೀ ಬಟ್ಟೆಯಲ್ಲ, ಅದೊಂದು ನಿಲುವು.

ತೊಡಕು ಎರಡು. ಒಂದು, ನಿಲುವಿನ ಗ್ರಾಹಕರು ಒಂದು ಸಂಖ್ಯೆ ಆದಮೇಲೆ ಹೆಚ್ಚಾಗೋದಿಲ್ಲ. ನೇಯುವವರನ್ನು ದುಪ್ಪಟ್ಟು ಮಾಡಬಹುದು, ಜುಬ್ಬ ತೊಡುವ ಪ್ರಾಧ್ಯಾಪಕರನ್ನು ದುಪ್ಪಟ್ಟು ಮಾಡೋಕಾಗಲ್ಲ. ಎರಡನೆಯದು ಹಣ ಸುತ್ತೋ ಕಾಲ. ನೂಲಿಗೆ ಇವತ್ತು ದುಡ್ಡು ಕಟ್ಟಬೇಕು, ಕೂಲಿ ತಿಂಗಳಿಗೆ ಸರಿಯಾಗಿ ಕೊಡಬೇಕು, ಬಟ್ಟೆ ಅಂಗಡಿಯಲ್ಲಿ ಮಾರಾಟವಾಗಿ ಹಣ ವಾಪಸ್ ಬರೋಕೆ ತಿಂಗಳುಗಳೇ ಹಿಡೀತಾವೆ. ಮಾರಾಟವಾಗದ ಅಂಗಿ ಅಂದ್ರೆ ಕಪಾಟಿನಲ್ಲಿ ಮಡಚಿಟ್ಟ ಕೂಲಿ. ಈ ಮಧ್ಯದ ಕಾಲಕ್ಕೆ ಬೇಕಾದ ಬಂಡವಾಳವನ್ನು ಬ್ಯಾಂಕ್ ಇಂಥ ಸಂಘಗಳಿಗೆ ಸುಲಭಕ್ಕೆ ಕೊಡೋದಿಲ್ಲ. ಆಗ ಸರ್ಕಾರದ ಯೋಜನೆಗಳ ಕಡೆ ನೋಡಬೇಕಾಗುತ್ತೆ. ಅಲ್ಲಿಗೆ 40 ರೂಪಾಯಿ ಕೊಡೋ ಎರಡನೇ ಕೈ ಸೇರ್ಕೊಂಡಂತಾಯ್ತು.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಆಗ ಸಾವಿರ ರೂಪಾಯಿ ಒಳಗಿನ ಸಿದ್ಧ ಉಡುಪಿಗೆ 5%, ಅದಕ್ಕಿಂತ ಮೇಲಿನದಕ್ಕೆ 12% ಇತ್ತು. ತೆರಿಗೆಯ ಕಣ್ಣಿಗೆ ಮಿಲ್ಲಿನ ಅಂಗಿಯೂ ಒಂದೇ, ಕೈಮಗ್ಗದ ಅಂಗಿಯೂ ಒಂದೇ. ಒಂದರ ಬೆಲೆಯಲ್ಲಿ ಬಹುಪಾಲು ಯಂತ್ರ, ಇನ್ನೊಂದರ ಬೆಲೆಯಲ್ಲಿ ಬಹುಪಾಲು ಕೂಲಿ. ಹಾಗಾಗಿ ಎರಡನೆಯದರ ಮೇಲೆ ಹಾಕಿದ ತೆರಿಗೆ ಹೆಚ್ಚು ಕಮ್ಮಿ ಕೂಲಿ ಮೇಲೆ ಹಾಕಿದ ತೆರಿಗೆಯೇ. ಕೈ ಉತ್ಪನ್ನಗಳಿಗೆ ಶೂನ್ಯ ಕರ ಬೇಕು ಅಂತ ಗ್ರಾಮ ಸೇವಾ ಸಂಘ ಆ ವರ್ಷ ಕರನಿರಾಕರಣೆ ಸತ್ಯಾಗ್ರಹ ನಡೆಸಿತು, ಪ್ರಸನ್ನ ಉಪವಾಸ ಕೂತರು. ಆಮೇಲೆ 2020. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದವು, ಸರ್ಕಾರದಿಂದ ಬರಬೇಕಿದ್ದ ಯೋಜನೆಯ ಹಣವೂ ಬರಲಿಲ್ಲ. ಆ ವರ್ಷ ಚರಕ ತಾನು ದಿವಾಳಿಯಾಗಿದ್ದೇನೆ ಅಂತ ಬಹಿರಂಗವಾಗಿಯೇ ಹೇಳಿ ಉತ್ಪಾದನೆ ನಿಲ್ಲಿಸಿತು, ಮತ್ತೆ ಸತ್ಯಾಗ್ರಹ ನಡೀತು. ದಿವಾಳಿಯನ್ನು ಮುಚ್ಚಿಡದೇ ಊರಿಗೆಲ್ಲ ಹೇಳಿದ್ದು ನನಗೆ ಇವತ್ತಿಗೂ ದೊಡ್ಡ ವಿಷಯ ಅನ್ಸುತ್ತೆ. ಚರಕ ಅದರಿಂದ ಮುಗಿದುಹೋಗಲೂ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಚರಕ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ಪ್ರಸನ್ನ ಅವರ ಹೆಸರು. ಅದು ಮಹಿಳೆಯರದೇ ಸಹಕಾರ ಸಂಘ, ಅದಕ್ಕೊಬ್ಬ ಅಧ್ಯಕ್ಷೆ ಇರ್ತಾರೆ, ಆಡಳಿತ ಮಂಡಳಿ ಇರುತ್ತೆ. ಅವರ ಹೆಸರು ನಮಗೆ ಎಷ್ಟು ಜನರಿಗೆ ಗೊತ್ತು? ಇದು ಪ್ರಸನ್ನ ಅವರ ತಪ್ಪಲ್ಲ, ಸುದ್ದಿ ಓದೋ, ಬರೆಯೋ ನಮ್ಮದು. ಆದರೆ 'ಹೊರಗಿಟ್ಟವರ ಉದ್ಯಮ'ದ ಮುಖ ಯಾವಾಗಲೂ ಒಳಗಿನವರದ್ದೇ ಆಗಿರುತ್ತೆ ಅನ್ನೋದು ಗಮನಿಸೋ ವಿಷಯ.

ಕೊರತೆಯೇ ಇಲ್ಲದ ಕಡೆ

ಬೆಂಗಳೂರಿನ ಹಸಿರುದಳ ನನ್ನ 100-60 ಲೆಕ್ಕವನ್ನೇ ತಲೆಕೆಳಗು ಮಾಡುತ್ತೆ. ಕಸ ಆಯುವವರ ಜೊತೆ ಕೆಲಸ ಮಾಡೋ ಈ ಸಂಘಟನೆಯ ಕಥೆ ಶುರುವಾಗೋದು ಬಿಸಿನೆಸ್‌ನಿಂದಲ್ಲ, ಗುರುತಿನ ಚೀಟಿಯಿಂದ. 2011ರ ಸುಮಾರಿಗೆ ಆಗಿನ ಬಿಬಿಎಂಪಿ ಕಸ ಆಯುವವರಿಗೆ ಅಧಿಕೃತ ಗುರುತಿನ ಚೀಟಿ ಕೊಡೋಕೆ ಶುರು ಮಾಡ್ತು. ಬೆಳಗಿನ ಜಾವ ಗೋಣಿಚೀಲ ಹಿಡಿದು ಹೊರಟವಳನ್ನು ಪೊಲೀಸರು ಕಳ್ಳಿ ಅಂತ ನಿಲ್ಲಿಸಿದ್ರೆ ತೋರಿಸೋಕೆ ಒಂದು ಕಾರ್ಡು. ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ನಡೆಸೋ ಹೊಣೆ ಕಸ ಆಯ್ದವರಿಗೇ ಸಿಗುವಂತಾಯ್ತು. 2015ರಲ್ಲಿ ಹಸಿರುದಳ ಇನ್ನೋವೇಷನ್ಸ್ ಅಂತ ಬೇರೆ ಕಂಪನಿ ಹುಟ್ಟಿತು. ಅಪಾರ್ಟ್‌ಮೆಂಟು, ಕಚೇರಿಗಳಿಂದ ತಿಂಗಳ ಶುಲ್ಕ ತಗೊಂಡು ಅವರ ಕಸ ಸಾಗಿಸಿ, ಬೇರ್ಪಡಿಸಿ, ಸಂಸ್ಕರಿಸೋದು ಅದರ ಕೆಲಸ.

ಇಲ್ಲಿ ಯೋಚನೆ ಮಾಡಿ. ಕಸ ಆಯುವವಳ ಕೆಲಸದಲ್ಲಿ ಕೊರತೆ ಎಲ್ಲಿತ್ತು? ಪ್ಲಾಸ್ಟಿಕ್ಕಿನ ಬಗೆಗಳನ್ನು ಕೈಯಲ್ಲಿ ಮುಟ್ಟಿ ಹೇಳೋ ವಿದ್ಯೆ ಅವಳಿಗೆ ಮೊದಲೇ ಇತ್ತು. ದಶಕಗಳ ಕಾಲ ನಗರದ ಕಸದ ಒಂದು ಭಾಗವನ್ನು ಪಾಲಿಕೆಗೆ ಒಂದು ಪೈಸೆ ಖರ್ಚಿಲ್ಲದೆ ಅವಳು ಸಾಗಿಸಿದ್ಲು. ಅಂದ್ರೆ ಅವಳು ಹುಟ್ಟಿಸ್ತಿದ್ದದ್ದು ನೂರಕ್ಕೂ ಹೆಚ್ಚು, ಸಿಗ್ತಿದ್ದದ್ದು ಗುಜರಿಯವನು ಕೊಟ್ಟಷ್ಟು. ಈ ಉದ್ಯಮ ಮಾಡಿದ್ದು ಇಷ್ಟೆ: ಆ ಕೆಲಸಕ್ಕೆ ಬಿಲ್ ಹಾಕಿತು. ಹೊರಗಿಟ್ಟವರು ಅಂದ ಕೂಡಲೇ 'ಕೌಶಲ ಇಲ್ಲ, ತರಬೇತಿ ಕೊಡೋಣ' ಅನ್ನೋ ಸಿಎಸ್‌ಆರ್ ಭಾಷೆ ಎಷ್ಟು ಮೋಸದ್ದು ಅಂತ ಇಲ್ಲಿ ಗೊತ್ತಾಗುತ್ತೆ. ಎಷ್ಟೋ ಕಡೆ ಇಲ್ಲದಿರೋದು ಕೌಶಲ ಅಲ್ಲ, ಆ ಕೌಶಲಕ್ಕೆ ಬೆಲೆ. ಬೆಲೆ ಇಲ್ಲದಿರೋದಕ್ಕೆ ಕಾರಣ ಜಾತಿ.

ಈ ಮಾಡೆಲ್ ನಿಂತಿರೋದು ಕಾನೂನಿನ ಮೇಲೆ. ಹೆಚ್ಚು ಕಸ ಹುಟ್ಟಿಸೋರು ಅದರ ಹೊಣೆ ಹೊರಬೇಕು ಅಂತ ನಿಯಮ ಇರೋದರಿಂದಲೇ ಅಪಾರ್ಟ್‌ಮೆಂಟಿನವರು ಶುಲ್ಕ ಕಟ್ತಾರೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಆಯುವವರನ್ನು ವ್ಯವಸ್ಥೆಯೊಳಗೆ ತರಬೇಕು ಅಂತ ಬಾಯಿಬಿಟ್ಟು ಹೇಳಿದವು. ಟೆಂಡರ್ ಷರತ್ತು ಬದಲಾಗಿ ದೊಡ್ಡ ಗುತ್ತಿಗೆದಾರನಿಗೆ ಮಾತ್ರ ಹೊಂದುವಂತಾದ್ರೆ ಇಡೀ ಲೆಕ್ಕ ಕುಸಿಯುತ್ತೆ. ಹಳೇ ಪ್ಲಾಸ್ಟಿಕ್ಕಿನ ದರ ಕಚ್ಚಾತೈಲದ ದರದ ಜೊತೆ ಏರಿಳಿಯೋದು ಇನ್ನೊಂದು ಕಾಟ.

ಕರೆಂಟು ಯಾರದ್ದು, ಜಾಗ ಯಾರದ್ದು

ಅಂಗವಿಕಲರಿಗೆ ಕೆಲಸ ಕೊಡೋ ಎರಡು ಹೆಸರುಗಳನ್ನು ಬೇಗ ನೋಡಿಬಿಡೋಣ. ಬೆಂಗಳೂರಿನ ವಿಂಧ್ಯ ಇ-ಇನ್ಫೊಮೀಡಿಯಾ 2006ರಲ್ಲಿ ಪವಿತ್ರಾ ವೈ.ಎಸ್. ಅವರು ಕಟ್ಟಿದ ಬಿಪಿಓ. ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂಗವಿಕಲರು. ಅದು ಟ್ರಸ್ಟ್ ಅಲ್ಲ, ಕಂಪನಿ. ಬ್ಯಾಂಕುಗಳಂಥ ಗಿರಾಕಿಗಳಿಗೆ ಡೇಟಾ ಎಂಟ್ರಿ, ಕಾಲ್ ಸೆಂಟರ್ ಸೇವೆ ಮಾರುತ್ತೆ. ಇಲ್ಲಿ ಲೆಕ್ಕ ಸರಿಹೋಗೋದು ನಿಷ್ಠೆಯಿಂದ: ಬಿಪಿಓ ಉದ್ಯಮದ ದೊಡ್ಡ ಖರ್ಚು ಅಂದ್ರೆ ಜನ ಆರು ತಿಂಗಳಿಗೆ ಬಿಟ್ಟುಹೋಗೋದು, ಮತ್ತೆ ಹೊಸಬರಿಗೆ ಕಲಿಸೋದು. ಬೇರೆ ಕಡೆ ಬಾಗಿಲು ಮುಚ್ಚಿದವರು ಕೆಲಸ ಬಿಡೋದು ಕಮ್ಮಿ. ಇದನ್ನು ಎರಡು ಥರ ಓದಬಹುದು. ಅಂಗವಿಕಲರು ಒಳ್ಳೇ ಕೆಲಸಗಾರರು ಅಂತ ಓದಬಹುದು. ಅವರಿಗೆ ಹೋಗೋಕೆ ಬೇರೆ ಜಾಗವಿಲ್ಲ ಅನ್ನೋದೇ ಮಾಡೆಲ್‌ನ ಆಧಾರ ಅಂತಲೂ ಓದಬಹುದು. ಎರಡೂ ನಿಜ ಅನ್ಸುತ್ತೆ ನನಗೆ.

ಮಿಟ್ಟಿ ಕೆಫೆ 2017ರಲ್ಲಿ ನಮ್ಮ ಪಕ್ಕದ ಹುಬ್ಬಳ್ಳಿಯಲ್ಲೇ, ಅಲೀನಾ ಆಲಂ ಅವರಿಂದ ಶುರುವಾಯ್ತು. ಈಗ ಕಂಪನಿ ಕಚೇರಿಗಳಲ್ಲಿ, ಬೆಂಗಳೂರು ವಿಮಾನ ನಿಲ್ದಾಣದಲ್ಲಿ, 2023ರಿಂದ ಸುಪ್ರೀಂ ಕೋರ್ಟ್ ಆವರಣದಲ್ಲೂ ಇದೆ. ಹೋಟೆಲು ನಡೆಸಿದವರನ್ನು ಕೇಳಿ, ಅರ್ಧ ಹೋಟೆಲು ಮುಳುಗೋದು ಬಾಡಿಗೆಯಿಂದ. ಕೆಫೆ ದೊಡ್ಡ ಸಂಸ್ಥೆಯೊಂದರ ಆವರಣದೊಳಗೇ ಇದ್ರೆ ಜಾಗದ ಚಿಂತೆಯೂ ಕಮ್ಮಿ, ಗಿರಾಕಿಯ ಚಿಂತೆಯೂ ಕಮ್ಮಿ. 40 ರೂಪಾಯಿ ನಗದಾಗಿ ಬರದೆ ಜಾಗವಾಗಿ ಬರುತ್ತೆ. ಚೊಕ್ಕ ಉಪಾಯ. ಆದರೆ ಸಿದ್ದಾಪುರದ ಬಸ್ ಸ್ಟ್ಯಾಂಡಿನ ಎದುರು ಇದನ್ನೇ ಮಾಡ್ತೀನಿ ಅಂತ ಹೊರಟವರಿಗೆ ಜಾಗ ಕೊಡೋ ಕಾರ್ಪೊರೇಟ್ ಯಾವುದು?

ಕಾಡಿನ ಬಾಗಿಲು

ಬುಡಕಟ್ಟುಗಳ ವಿಷಯದಲ್ಲಿ ಪ್ರಶ್ನೆಯೇ ಬೇರೆಯಾಗುತ್ತೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಪಾಚಿಯಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರ್ತಿದ್ರು. ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಅಲ್ಲಿ ಬೆನ್ನಿಗಿತ್ತು. ಸಂಘ ಇತ್ತು, ಸರಕು ಇತ್ತು, ಗಿರಾಕಿಯೂ ಇದ್ದ. 2006ರಲ್ಲಿ ವನ್ಯಜೀವಿ ಕಾನೂನಿನ ಹೆಸರಲ್ಲಿ ಅಭಯಾರಣ್ಯದಲ್ಲಿ ಸಂಗ್ರಹಣೆಯನ್ನೇ ನಿಷೇಧಿಸಿದ್ರು. ಯಾವ ಬಿಸಿನೆಸ್ ಪ್ಲಾನ್ ಇದಕ್ಕೆ ತಯಾರಿರುತ್ತೆ? ಅರಣ್ಯ ಹಕ್ಕು ಕಾಯ್ದೆಯಡಿ ಹೋರಾಡಿ 2011ರಲ್ಲಿ 25 ಗ್ರಾಮಸಭೆಗಳು ಸಮುದಾಯ ಹಕ್ಕು ಪಡೆದ ಮೇಲೆ ಉದ್ಯಮದ ಮಾತು ಮತ್ತೆ ಅರ್ಥ ಪಡೀತು.

ನಮ್ಮ ಯಲ್ಲಾಪುರದ ಸಿದ್ದಿಗಳ ಕಥೆ ಇನ್ನೊಂದು ಬಗೆ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆ ಅಂತ ಆರಿಸಿಕೊಂಡು ಹೋಯ್ತು; 1993ರ ಹೊತ್ತಿಗೆ ಯೋಜನೆ ನಿಂತೇ ಹೋಯ್ತು. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಸಿದ್ದಿ ಹೆಂಗಸರು ಹಳೇ ಬಟ್ಟೆ ಚೂರುಗಳನ್ನು ಜೋಡಿಸಿ ಹೊಲಿಯೋ ಕೌದಿಗೆ 2004ರಲ್ಲಿ ಸಹಕಾರಿ ಗುಂಪೊಂದು ಆಯ್ತು, ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಜೊತೆಗಿದ್ರು. 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಆ ಕೌದಿಗಳ ಪ್ರದರ್ಶನ ಆಯ್ತು. ಹೆಮ್ಮೆಯ ವಿಷಯ, ಅನುಮಾನ ಇಲ್ಲ. ಆದರೆ ಮೊಮ್ಮಗುವಿಗೆ ಹೊದಿಸೋಕೆ ಹೊಲಿದ ಕೌದಿ ಗೋಡೆಗೆ ತೂಗು ಹಾಕೋ ಕಲೆಯಾದಾಗ ಗಿರಾಕಿಯ ಸಂಖ್ಯೆ ಬೆರಳೆಣಿಕೆಗೆ ಇಳಿಯುತ್ತೆ, ಅವರೂ ಸಾವಿರಾರು ಮೈಲಿ ದೂರ. ಒಂದು ಕೌದಿಗೆ ಒಳ್ಳೇ ಬೆಲೆ ಬರಬಹುದು, ಒಂದು ಊರಿಗೆ ವರ್ಷಪೂರ್ತಿ ಕೆಲಸ ಬರೋದು ಕಷ್ಟ.

ಕಾನೂನು ಯಾರ ಕಡೆ

ಇಟಲಿಯ ಟ್ರಿಯೆಸ್ಟ್ ನಗರದಲ್ಲಿ 1970ರ ದಶಕದ ಆರಂಭದಲ್ಲಿ ಫ್ರಾಂಕೊ ಬಸಾಲಿಯಾ ಅನ್ನೋ ವೈದ್ಯರು ಮಾನಸಿಕ ಆಸ್ಪತ್ರೆಯ ಒಳರೋಗಿಗಳ ಸಹಕಾರ ಸಂಘ ಕಟ್ಟಿಸಿದ್ರು. ಅದುವರೆಗೆ ರೋಗಿಗಳು 'ಚಿಕಿತ್ಸೆ' ಹೆಸರಲ್ಲಿ ಪುಗಸಟ್ಟೆ ಕಸ ಗುಡಿಸ್ತಿದ್ರು. ಸಂಘವಾದ ಮೇಲೆ ಅದೇ ಗುಡಿಸೋ ಕೆಲಸಕ್ಕೆ ಒಪ್ಪಂದ, ಸಂಬಳ. ಇಂಥ ಪ್ರಯೋಗಗಳು ಹರಡಿ 1991ರಲ್ಲಿ ಅಲ್ಲಿ 381ನೇ ನಂಬರಿನ ಕಾಯ್ದೆ ಬಂತು. ಕೆಲಸಗಾರರಲ್ಲಿ ಕನಿಷ್ಠ 30% ಮಂದಿ ಅಂಗವಿಕಲರು, ವ್ಯಸನದಿಂದ ಹೊರಬರ್ತಿರೋರು, ಶಿಕ್ಷೆಯಲ್ಲಿರೋರು ಮುಂತಾದವರಾಗಿದ್ರೆ ಅಂಥವರ ಸಾಮಾಜಿಕ ಭದ್ರತೆಯ ಕಂತನ್ನು ಸಂಘ ಕಟ್ಟಬೇಕಿಲ್ಲ. ಒಂದು ಮೊತ್ತದವರೆಗೆ ಸ್ಥಳೀಯ ಆಡಳಿತ ಅಂಥ ಸಂಘಕ್ಕೆ ನೇರವಾಗಿ ಕೆಲಸ ವಹಿಸಬಹುದು. ಅಂದ್ರೆ 40 ರೂಪಾಯಿಯ ಒಂದು ಪಾಲನ್ನು ಕಾನೂನೇ ಹೊತ್ಕೊಂಡಿತು. ದಯೆಯಾಗಿದ್ದದ್ದು ಹಕ್ಕಾಯ್ತು.

ನಮ್ಮಲ್ಲಿ ಸಾಮಾಜಿಕ ಉದ್ಯಮಕ್ಕೆ ಅಂತ ಪ್ರತ್ಯೇಕ ಕಾನೂನಿನ ರೂಪವೇ ಇಲ್ಲ. ಟ್ರಸ್ಟ್, ಸಹಕಾರ ಸಂಘ, ಸೌಹಾರ್ದ, ಸೆಕ್ಷನ್ 8 ಕಂಪನಿ, ಪ್ರೈವೇಟ್ ಲಿಮಿಟೆಡ್, ಇದ್ದದ್ದರಲ್ಲಿ ಒಂದು ಅಂಗಿ ತೊಟ್ಕೊಬೇಕು. 2016ರ ಅಂಗವಿಕಲರ ಹಕ್ಕು ಕಾಯ್ದೆಯ 35ನೇ ಕಲಂ, ನೌಕರರಲ್ಲಿ 5% ಅಂಗವಿಕಲರಿರುವಂತೆ ಮಾಡೋಕೆ ಖಾಸಗಿಯವರಿಗೆ ಪ್ರೋತ್ಸಾಹ ಕೊಡಬೇಕು ಅನ್ನುತ್ತೆ, ಅದೂ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಕರ್ನಾಟಕದ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು 2017ರಲ್ಲಿ 50 ಲಕ್ಷದವರೆಗಿನ, 2023ರಲ್ಲಿ 1 ಕೋಟಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15%, ಪಂಗಡಕ್ಕೆ 6.95% ಮೀಸಲಿಟ್ಟರು. ದೇಶಕ್ಕೇ ಮಾದರಿಯಾದ ಹೆಜ್ಜೆ ಅದು. ಆದರೆ ಅದು ನೋಡೋದು ಗುತ್ತಿಗೆದಾರನ ಜಾತಿಯನ್ನು. ಅವನ ಕೈಕೆಳಗೆ ದುಡಿಯೋರಿಗೆ ಏನು ಸಿಗುತ್ತೆ ಅಂತ ನೋಡಲ್ಲ. ನೂರು ಜನ ದಲಿತ ಹೆಂಗಸರು ಸದಸ್ಯರಾಗಿರೋ ಸಂಘಕ್ಕೆ ಹಾಸ್ಟೆಲ್ಲಿನ ಸಮವಸ್ತ್ರದ ಆರ್ಡರ್ ನೇರವಾಗಿ ಕೊಡಬೇಕು ಅನ್ನೋ ನಿಯಮ ನಾವಿನ್ನೂ ಕೇಳಿಲ್ಲ. ಕೇಳಬೇಕು.

ನಾಲ್ಕನೆಯವಳ ವಿಷಯಕ್ಕೆ ಬಂದ್ರೆ, 1948ರ ಕನಿಷ್ಠ ವೇತನ ಕಾಯ್ದೆಯ 26ನೇ ಕಲಂ ಓದಿ. ಅಂಗವಿಕಲ ನೌಕರರಿಗೆ ಕನಿಷ್ಠ ವೇತನ ಅನ್ವಯಿಸದಂತೆ ಆದೇಶ ಹೊರಡಿಸೋ ಅಧಿಕಾರ ಅದು ಸರ್ಕಾರಕ್ಕೆ ಕೊಟ್ಟಿತ್ತು. 40 ರೂಪಾಯಿಯನ್ನು ಅವರೇ ತುಂಬಲಿ ಅನ್ನೋದಕ್ಕೆ ಕಾನೂನಿನಲ್ಲೇ ಬಾಗಿಲು. ಈಗಲೂ 'ಗೌರವಧನ', 'ತರಬೇತಿ ಭತ್ಯೆ', 'ಪೀಸ್ ರೇಟ್' ಅನ್ನೋ ಹೆಸರುಗಳಲ್ಲಿ ಅದೇ ಬಾಗಿಲು ಬೇರೆ ಬೇರೆ ಕಡೆ ತೆರೀತಾ ಇರುತ್ತೆ. ಹಾಗಾಗಿ ಇಂಥ ಉದ್ಯಮವೊಂದಕ್ಕೆ ಕೆಲಸಕ್ಕೆ ಸೇರೋಕೆ, ಅಲ್ಲಿ ಕೊಳ್ಳೋಕೆ ಅಥವಾ ಅದರ ಬಗ್ಗೆ ಬರೆಯೋಕೆ ಹೊರಟವರು ತಿಂಗಳ ಸಂಬಳ ಎಷ್ಟು, ಪಿಎಫ್ ಇದೆಯಾ, ಆಡಳಿತ ಮಂಡಳಿಯಲ್ಲಿ ಕೆಲಸಗಾರರು ಎಷ್ಟು ಜನ ಅಂತ ಕೇಳಿ. ಉತ್ತರದ ಬದಲು ಕಣ್ಣೀರಿನ ಕಥೆ ಬಂದ್ರೆ ಮತ್ತೊಮ್ಮೆ ಕೇಳಿ.

ನಮ್ಮೂರ ಸಂಘಗಳು

ಶಿರಸಿ ಸೀಮೆ ಸಹಕಾರಕ್ಕೆ ಹೆಸರಾದದ್ದು. ತೋಟಗಾರರ ಮಾರಾಟ ಸಂಘ, ನಾವೆಲ್ಲ ಟಿಎಸ್‌ಎಸ್ ಅನ್ನೋದು, 1923ರಷ್ಟು ಹಿಂದೆ ಹುಟ್ಟಿದ್ದು. ದಲಾಲರ ಕೈಯಿಂದ ಅಡಿಕೆ ಬೆಳೆಗಾರರನ್ನು ಬಿಡಿಸಿದ್ದು ಇಂಥ ಸಂಘಗಳೇ. ಆದರೆ ಅಡಿಕೆ ಮಾರಾಟದ ಸಂಘಗಳು ಕಟ್ಟಿದ್ದೇ ಬೆಳೆಗಾರರಿಗಾಗಿ. ಒಳಬರೋಕೆ ತೋಟ ಬೇಕು. ಮರ ಹತ್ತೋ ಕೊನೆಗೌಡ, ಮೆಟ್ಟುಗತ್ತಿ ಮೇಲೆ ಕೂತು ಸರಿರಾತ್ರಿವರೆಗೆ ಅಡಿಕೆ ಸುಲಿಯೋ ಹೆಂಗಸರು ಆ ಅಡಿಕೆಯನ್ನು ಅಡಿಕೆ ಮಾಡಿದವರು, ಸಂಘದ ಲೆಕ್ಕದಲ್ಲಿ ಖರ್ಚಿನ ಕಡೆಯ ಒಂದು ಸಾಲು. ಸುಲಿದಷ್ಟಕ್ಕೆ ಅಳತೆ ಮೇಲೆ ದುಡ್ಡು. ಕೊಯ್ಲು ಮುಗಿದ ಮೇಲೆ ಉಳಿದ ತಿಂಗಳು ಏನು ಅಂತ ಕೇಳೋರಿಲ್ಲ. ಇವರಲ್ಲಿ ಬಹುಪಾಲು ಯಾವ ಜಾತಿಯವರು, ತೋಟ ಬಹುಪಾಲು ಯಾವ ಜಾತಿಯವರದ್ದು ಅಂತ ಈ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಇಲ್ಲಿ ಹೊಸ ಸ್ಟಾರ್ಟಪ್ಪೇ ಬೇಕು ಅಂತ ನನಗನ್ನಿಸೋದಿಲ್ಲ. ಗೋದಾಮು, ಲಾರಿ, ಸೂಪರ್ ಮಾರ್ಕೆಟ್ಟು, ನೂರು ವರ್ಷದ ಗಿರಾಕಿ ಎಲ್ಲ ನಮ್ಮ ಕಡೆಯ ಸಹಕಾರ ವ್ಯವಸ್ಥೆಯಲ್ಲಿ ಈಗಾಗಲೇ ಇದೆ. ಸುಲಿಯೋ ಹೆಂಗಸರದ್ದೇ ಒಂದು ಸಂಘ, ಅದರ ಜೊತೆ ಮಾರಾಟ ಸಂಘಗಳ ವರ್ಷದ ಒಪ್ಪಂದ, ಬಿಡುವಿನ ತಿಂಗಳಿಗೆ ಚೊಗರು, ಹಾಳೆತಟ್ಟೆ, ಕೋಕಂನಂಥ ಕೆಲಸ, ಅದಕ್ಕೆ ಅದೇ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಕಪಾಟು. ಇಲ್ಲಿ 40 ರೂಪಾಯಿ ಯಾರೂ ಹೊಸದಾಗಿ ಕೊಡಬೇಕಿಲ್ಲ, ಈಗ ಬೆಳೆಗಾರರ ಕಡೆ ಉಳೀತಿರೋದರಲ್ಲಿ ಒಂದಿಷ್ಟು ಈಚೆ ಬರಬೇಕು. ಅದಕ್ಕೇ ಇದು ಕಾಫಿ ಅಂಗಡಿ ತೆರೆಯೋದಕ್ಕಿಂತ ಕಷ್ಟ.

ಸಹಕಾರ ಕಾಯ್ದೆಯಲ್ಲಿ 'ನಾಮಮಾತ್ರ ಸದಸ್ಯ' ಅಂತ ಒಂದು ವರ್ಗ ಇದೆ, ಅವರಿಗೆ ಮತ ಇಲ್ಲ. ಇವರನ್ನು ಹಾಗೆ ಸೇರಿಸಿ ಕೈ ತೊಳ್ಕೊಳ್ಳೋ ಸಾಧ್ಯತೆಯೇ ಹೆಚ್ಚು. ಸಂಘಗಳ ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರಿನೊಳಗೆ ಮುಗಿಯುತ್ತೆ. ಈ ಓದುಗರಲ್ಲಿ ಅಪ್ಪನ ಹೆಸರಲ್ಲೋ ಅಜ್ಜನ ಹೆಸರಲ್ಲೋ ಷೇರು ಇರೋರು ಬಹಳ ಜನ ಇದ್ದೀರಿ. ಷೇರು ನಿಮ್ಮ ಹೆಸರಿಗಾಗಿದ್ರೆ ಸಭೆಯಲ್ಲಿ ಎದ್ದು ಕೇಳಬಹುದು, ಆಗಿಲ್ಲದಿದ್ರೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಬಹುದು: ಸುಲಿಯೋರ ಸಂಘಕ್ಕೆ ಮತ ಇರೋ ಸದಸ್ಯತ್ವ ಕೊಡೋಕೆ ಉಪನಿಯಮದಲ್ಲಿ ಯಾವ ಕಲಂ ತಿದ್ದಬೇಕು?